ಜೇನು ಮೇಷ್ಟ್ರು ಊದದ ವಿಷಲ್

ನಮ್ಮ ಪಿ.ಟಿ. ಮೇಷ್ಟ್ರ ಕೊರಳಲ್ಲಿ ಸದಾ ಒಂದು ವಿಷಲ್ ಇರುತ್ತಿತ್ತು. ಕಪ್ಪು ದಾರಕ್ಕೆ ಕಟ್ಟಿದ್ದು, ಮೇಲಿನ ಹೊಳಪು ಹೋಗಿ ಒಳಗಿನ ಹಿತ್ತಾಳೆ ಕಾಣುತ್ತಿದ್ದ ಹಳೆಯ ವಿಷಲ್. ಹನ್ನೊಂದು ವರ್ಷ ಅವರ ಜೊತೆ ಒಂದೇ ಶಾಲೆಯಲ್ಲಿ ಕೆಲಸ ಮಾಡಿದ್ದೇನೆ. ಅವರು ಅದನ್ನು ಊದಿದ್ದನ್ನು ಒಂದೇ ಒಂದು ಸಲವೂ ಕೇಳಿಲ್ಲ. ಊದದ ಮೇಲೆ ಅದು ಯಾಕೆ ಸಾರ್ ಕೊರಳಿಗೆ ಭಾರ ಎಂದು ನಾನು ಕೆಣಕಿದರೆ, ಇನ್ಸ್‌ಪೆಕ್ಷನ್ನಿಗೆ ಬಂದವರು ಕೇಳಿದರೆ ತೋರಿಸಬೇಕಲ್ಲ ಎಂದು ನಗುತ್ತಿದ್ದರು.

ಅವರು ಹೋಗಿ ಈಗ ಮೂರು ವಾರವಾಯಿತು. ನಾನು ವಿಜ್ಞಾನ ಹೇಳಿಕೊಡುವವಳು. 'ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂದು ಮಕ್ಕಳಿಗೆ ಪ್ರಶ್ನೆ ಕೊಟ್ಟು ಅಭ್ಯಾಸ. ಈಗ ಇವರ ಚಿತ್ರ ಬರೆಯಲು ಕೂತರೆ ಯಾವ ಭಾಗ ಎಲ್ಲಿ ಬರಬೇಕೆಂದೇ ತಿಳಿಯುತ್ತಿಲ್ಲ. ನೆನಪಾದ ಹಾಗೆ ಬರೆಯುತ್ತೇನೆ, ಅಂಕ ಕಡಿಮೆ ಬಂದರೆ ಬರಲಿ.

ಮೊದಲ ದಿನ ನೋಡಿದಾಗ ಇವರು ಪಿ.ಟಿ. ಮೇಷ್ಟ್ರೆಂದು ನಾನು ನಂಬಿರಲಿಲ್ಲ. ಗಿಡ್ಡ ಆಳು, ಸಣ್ಣದೊಂದು ಹೊಟ್ಟೆ, ಎರಡೂ ಮಂಡಿಯಲ್ಲಿ ನೋವು. ಬಿಳಿ ಕ್ಯಾನ್ವಾಸ್ ಶೂಗಳಿಗೆ ಪ್ರತಿ ಸೋಮವಾರ ಸೀಮೆಸುಣ್ಣ ಬಳಿದುಕೊಂಡು ಬರುತ್ತಿದ್ದರು. ಓಡುವುದಿರಲಿ, ಅವರು ಬಿರಬಿರನೆ ನಡೆದದ್ದನ್ನೂ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ. ಹಾಗಲವಾಡಿ ಕಡೆಯ ಒಂದು ಹಳ್ಳಿಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಮಧ್ಯಾಹ್ನದ ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನಾನು ಕ್ಯಾತ್ಸಂದ್ರದಿಂದ ರೈಲಿಗೆ ಬರುವವಳು, ಬೆಳಗಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ತುಂಬಿಕೊಂಡು ಬರುತ್ತಿದ್ದೆ. ನನ್ನ ಡಬ್ಬಿಯ ತಣ್ಣನೆಯ ಚಿತ್ರಾನ್ನ ನೋಡಿ ಅವರು ಅರ್ಧ ರೊಟ್ಟಿ ಮುರಿದು ಮುಚ್ಚಳದ ಮೇಲಿಡುತ್ತಿದ್ದರು.

ಶಾಲೆ ಗುಬ್ಬಿಯ ಅಂಚಿನಲ್ಲಿತ್ತು. ಮೈದಾನದ ಪಕ್ಕದಲ್ಲೇ, ಕಾಂಪೌಂಡಿಗೆ ಒತ್ತಿಕೊಂಡ ಹಾಗೆ, ನೀರು ಬಿಡುವ ದೊಡ್ಡ ಓವರ್‌ಹೆಡ್ ಟ್ಯಾಂಕು. ದೀಪಾವಳಿ ಕಳೆದು ಚಳಿ ಶುರುವಾಗುವಷ್ಟರಲ್ಲಿ ಎಲ್ಲಿಂದಲೋ ಹೆಜ್ಜೇನು ಬಂದು ಆ ಟ್ಯಾಂಕಿನ ತಳಕ್ಕೆ ಕಟ್ಟುತ್ತಿದ್ದವು. ಒಂದು ವರ್ಷ ಎಂಟು ಗೂಡು, ಇನ್ನೊಂದು ವರ್ಷ ಹನ್ನೊಂದು. ಒಂದೊಂದೂ ಎರಡು ಮೊರ ಸೇರಿಸಿಟ್ಟಷ್ಟು ಅಗಲ. ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಹೇಳದೆ ಕೇಳದೆ ಎದ್ದು ಹೋಗುತ್ತಿದ್ದವು. ಅಲ್ಲಿಯವರೆಗೆ ನಮ್ಮ ಮುನ್ನೂರು ಮಕ್ಕಳು ಅವುಗಳ ಕಣ್ಣಳತೆಯಲ್ಲೇ ಆಡಬೇಕು, ಪ್ರಾರ್ಥನೆಗೆ ನಿಲ್ಲಬೇಕು.

ನನಗೆ ಹೆಜ್ಜೇನೆಂದರೆ ಪ್ರಾಣಭಯ. ಕೊತ್ತಗೆರೆಯಲ್ಲಿ ಚಿಕ್ಕವಳಿದ್ದಾಗ ತೋಪಿನಲ್ಲಿ ಜೇನು ಎದ್ದು, ನಮ್ಮ ಚಿಕ್ಕಪ್ಪನ ಮುಖ ಕುಂಬಳಕಾಯಿಯಂತೆ ಊದಿಕೊಂಡು ಕಣ್ಣೇ ಕಾಣದಂತಾಗಿದ್ದನ್ನು ನೋಡಿದ್ದೆ. ಹಾಗಾಗಿ ನಾನು ಆ ಶಾಲೆಗೆ ಸೇರಿದ ಮೊದಲ ಚಳಿಗಾಲದಲ್ಲಿ, ಎಸ್‌ಡಿಎಂಸಿ ಅಧ್ಯಕ್ಷರು ಗೂಡುಗಳನ್ನೆಲ್ಲ ಪಂಜು ಹಿಡಿದು ಸುಡಿಸಬೇಕೆಂದು ಅರ್ಜಿ ಬರೆದು ತಂದಾಗ, ಅವರ ಕೆಳಗಿನ ಎರಡನೆಯ ಸಹಿ ನನ್ನದೇ ಆಗಿತ್ತು. ಅಧ್ಯಕ್ಷರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಸಿಮೆಂಟ್ ಅಂಗಡಿ ಇತ್ತು, ಮೊಮ್ಮಗ ನಮ್ಮಲ್ಲೇ ಓದುತ್ತಿದ್ದ. ಅವರ ಭಯವೂ ಸುಳ್ಳಲ್ಲ.

ಅರ್ಜಿ ಸ್ಟಾಫ್ ರೂಮಿಗೆ ಬಂತು. ಪಿ.ಟಿ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ನನ್ನ ಹೆಸರಿನ ಮೇಲೆ ಬೆರಳಿಟ್ಟು, ಸಂಜೆ ನಾಲ್ಕು ಗಂಟೆಗೆ ಒಂದು ಹದಿನೈದು ನಿಮಿಷ ಮೈದಾನಕ್ಕೆ ಬನ್ನಿ, ಆಮೇಲೆ ಬೇಕಾದರೆ ಎರಡು ಸಹಿ ಹಾಕಿ ಎಂದರು. ಬಿ.ಎಸ್ಸಿ. ಓದಿದವಳಿಗೆ ಪಿ.ಟಿ. ಮೇಷ್ಟ್ರು ಜೀವಶಾಸ್ತ್ರದ ಪಾಠ ಮಾಡುತ್ತಾರಂತೆ ಎಂದು ನಾನು ಸಹೋದ್ಯೋಗಿಗಳ ಮುಂದೆ ಆಡಿಕೊಂಡೆ. ಆದರೂ ಹೋದೆ, ಸೀರೆಯ ಸೆರಗನ್ನು ತಲೆಗೆ ಸುತ್ತಿಕೊಂಡು.

ಟ್ಯಾಂಕಿನಿಂದ ಸಾಕಷ್ಟು ದೂರದಲ್ಲಿದ್ದ ಹೊಂಗೆ ಮರದ ಕೆಳಗೆ ನಿಂತೆವು. ಗೂಡುಗಳು ಕರಿ ಕಂಬಳಿ ಇಳಿಬಿಟ್ಟ ಹಾಗೆ ಅಲುಗದೆ ನೇತಾಡುತ್ತಿದ್ದವು. ಹುಳುಗಳು ಒಂದರ ಮೇಲೊಂದು ಪದರವಾಗಿ ಮೈಗೆ ಮೈ ಹೊಂದಿಸಿ ತಲೆ ಮೇಲಾಗಿ ಕೂತಿದ್ದವು. ಸ್ವಲ್ಪ ಹೊತ್ತಿಗೆ ದಪ್ಪ ಕಣಜದ ಹುಳವೊಂದು ಬಂದು ಗೂಡಿನ ಮುಂದೆ ಸುಳಿದಾಡಿತು. ಅಷ್ಟೇ. ಗೂಡಿನ ಒಂದು ಮೂಲೆಯಿಂದ ಮಿಂಚಿನಂತಹ ಅಲೆಯೊಂದು ಎದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಅಂಚಿಗೆ ಹರಿದುಹೋಯಿತು. ಮತ್ತೊಂದು ಅಲೆ, ಮಗದೊಂದು. ಗಾಳಿ ಬೀಸಿದಾಗ ರಾಗಿ ಹೊಲದ ಮೇಲೆ ಹಾಯುತ್ತದಲ್ಲ, ಹಾಗೆ. ಒಂದೊಂದು ಹುಳವೂ ತಾನಿದ್ದಲ್ಲೇ ಹೊಟ್ಟೆಯ ಹಿಂಭಾಗವನ್ನು ಮೇಲಕ್ಕೆತ್ತಿ ಇಳಿಸುತ್ತಿತ್ತು. ಪಕ್ಕದ್ದು ಅದನ್ನು ಕಂಡು ತಾನೂ ಎತ್ತುತ್ತಿತ್ತು. ಕಣಜ ಎರಡು ಸುತ್ತು ಹಾಕಿ, ಗೂಡಿಗೆ ತಾಗದೆ ಹೊರಟುಹೋಯಿತು. ಒಂದು ಹುಳವೂ ಗೂಡು ಬಿಟ್ಟು ಎದ್ದಿರಲಿಲ್ಲ.

"ಇದು ಜಗಳ ಅಲ್ಲ ಕಣ್ರಿ ಮೇಡಂ," ಎಂದರು ಮೇಷ್ಟ್ರು. "ನಾವೆಲ್ಲ ಎದ್ದಿದೀವಿ, ನೀನು ಆ ಕಡೆ ಹೋಗಪ್ಪ ಅಂತ ಹೇಳ್ತಾ ಅವೆ. ಕಣಜುಕ್ಕೆ ಅರ್ಥ ಆಯ್ತದೆ. ನಮಗೇ ಆಗಲ್ಲ. ಕಲ್ಲು ಹೊಡೀತೀವಿ, ಹೊಗೆ ಹಾಕ್ತೀವಿ, ಆಮೇಲೆ ಎದ್ದು ಬಂದ್ರೆ ಜೇನು ಕೆಟ್ಟದ್ದು ಅಂತೀವಿ."

ಯಾವ ಹುಳು ಅಲೆ ಶುರು ಮಾಡುತ್ತದೆ ಎಂದು ಕೇಳಿದೆ. ಮೊದಲು ಯಾವುದಕ್ಕೆ ಕಂಡಿತೋ ಅದು, ಆ ಹೊತ್ತಿಗೆ ಅದೇ ಹೆಡ್‌ಮಾಸ್ಟರು ಎಂದರು. ನಾನು ಕಾಲೇಜಿನಲ್ಲಿ ಇದನ್ನೆಲ್ಲ ಎರಡು ಸಾಲಿನಲ್ಲಿ ಓದಿ ಪರೀಕ್ಷೆ ಬರೆದು ಮರೆತಿದ್ದೆ. ಅದು ಮೈದಾನದ ಪಕ್ಕದಲ್ಲಿ ದಿನವೂ ನಡೆಯುತ್ತಿತ್ತು. ನನಗೆ ನಾಚಿಕೆಯಾಯಿತು. ಮಾರನೆಯ ದಿನ ಅರ್ಜಿಯಲ್ಲಿ ನನ್ನ ಸಹಿಯ ಮೇಲೆ ಗೆರೆ ಎಳೆದೆ.

ಆದರೆ ಅಧ್ಯಕ್ಷರು ಗೆರೆ ಎಳೆಯುವವರಲ್ಲ. ಸಭೆಯಲ್ಲಿ ಅವರು ಒಂದೇ ಮಾತು ಕೇಳಿದರು: ನಾಳೆ ಒಂದು ಮಗುವಿಗೆ ಏನಾದರೂ ಆದರೆ ಯಾರು ಹೊಣೆ? ಪಿ.ಟಿ. ಮೇಷ್ಟ್ರು ಎದ್ದು ನಡವಳಿ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಬರೆದರು. ಶಾಲೆಯ ಒಂದೇ ಒಂದು ಮಗುವಿಗೆ ಜೇನು ಕಚ್ಚಿದರೂ ನಾನೇ ಮುಂದೆ ನಿಂತು ಗೂಡು ಕೀಳಿಸುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಕೆಳಗೆ ಸಹಿ, ತಾರೀಖು. ಪ್ರತಿ ವರ್ಷ ಜೇನು ಬಂದ ಮೇಲಿನ ಮೊದಲ ಸಭೆಯಲ್ಲಿ ಅಧ್ಯಕ್ಷರು ಆ ಪುಟವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಮೇಷ್ಟ್ರು ತಲೆ ಬಗ್ಗಿಸಿ ಕೇಳಿ, ಸರಿ ಸ್ವಾಮಿ ಎಂದು ಕೂರುತ್ತಿದ್ದರು.

ಆಮೇಲೆ ಶುರುವಾಯಿತು ನೋಡಿ ಅವರ ಪಾಠ. ಮಕ್ಕಳು ಅದನ್ನು 'ಅಲೆ' ಎಂದು ಕರೆದರು. ಪ್ರತಿ ಶನಿವಾರ ಬೆಳಗ್ಗೆ, ಬೇರೆ ಶಾಲೆಗಳಲ್ಲಿ ಮಾಸ್ ಡ್ರಿಲ್ ನಡೆಯುವ ಹೊತ್ತಿಗೆ, ನಮ್ಮಲ್ಲಿ ಇದು. ಮಕ್ಕಳು ಸಾಲಾಗಿ ನಿಂತಿರಬೇಕು. ಒಬ್ಬರು ಬಲಗೈಯನ್ನು ತಲೆಯ ಮೇಲೆತ್ತಿ ಮೆಲ್ಲನೆ ಇಳಿಸಬೇಕು. ಅದನ್ನು ಕಂಡ ಪಕ್ಕದವರು ತಾವೂ ಎತ್ತಿ ಇಳಿಸಬೇಕು. ಕೈ ಸಾಲಿನಿಂದ ಸಾಲಿಗೆ ಹರಿದು ಕೊನೆ ಮುಟ್ಟಿದ ಕೂಡಲೇ, ಬಾಗಿಲಿಗೆ ಹತ್ತಿರದ ಸಾಲು ಮೊದಲು, ಸದ್ದಿಲ್ಲದೆ ನಡೆದು ಕೋಣೆ ಸೇರಿ ಕಿಟಕಿ ಹಾಕಿಕೊಳ್ಳಬೇಕು. ಕೈ ಬೀಸಬಾರದು, ಕಿರುಚಬಾರದು, ಮೈಮೇಲೆ ಕೂತ ಹುಳುವನ್ನು ಹೊಡೆದು ಸಾಯಿಸಬಾರದು. ಕಚ್ಚಿದ ಜಾಗದಲ್ಲಿ ಒಂದು ವಾಸನೆ ಉಳಿಯುತ್ತದೆ, ಆ ವಾಸನೆ ಹಿಡಿದು ಉಳಿದವೆಲ್ಲ ಅಲ್ಲಿಗೇ ಬರುತ್ತವೆ. ಆದ್ದರಿಂದ ಕಚ್ಚಿಸಿಕೊಂಡವರು ಗುಂಪಿಗೆ ಹೋಗದೆ ಮೈದಾನದ ತುದಿಯ ಆಟದ ಸಾಮಾನಿನ ಕೋಣೆಗೆ ಹೋಗಬೇಕು. ಅಲ್ಲಿ ಸೋಪು, ನೀರು, ಒಂದು ದಪ್ಪ ಕಂಬಳಿ, ಜೊತೆಗೆ ಮೇಷ್ಟ್ರು. ಕೊನೆಯ ನಿಯಮ ಎಲ್ಲಕ್ಕಿಂತ ದೊಡ್ಡದು. ಅಲೆಯನ್ನು ಯಾರು ಬೇಕಾದರೂ ಶುರು ಮಾಡಬಹುದು, ಮೊದಲು ಕಂಡವರೇ ಆ ಹೊತ್ತಿನ ಹೆಡ್‌ಮಾಸ್ಟರು, ಮೇಷ್ಟ್ರುಗಳೂ ಅವರ ಮಾತು ಕೇಳಬೇಕು.

ಇಷ್ಟೆಲ್ಲದರಲ್ಲಿ ವಿಷಲ್ಲಿಗೆ ಜಾಗವೇ ಇರಲಿಲ್ಲ. ಜೇನಿಗೆ ನಮ್ಮ ಹಾಗೆ ಕಿವಿ ಇಲ್ಲ ಸಾರ್, ವಿಷಲ್ ಊದಿದರೆ ಅವಕ್ಕೇನೂ ಆಗುವುದಿಲ್ಲ ಎಂದು ನಾನು ನನ್ನ ವಿಜ್ಞಾನ ಮೆರೆದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಜೇನಿಗಿಲ್ಲ, ಮಕ್ಕಳಿಗಿದೆಯಲ್ಲ, ವಿಷಲ್ ಕೇಳಿದರೆ ಮಕ್ಕಳು ಓಡುತ್ತಾರೆ, ನನಗೆ ಬೇಕಾದ್ದು ಓಡದ ಮಕ್ಕಳು ಎಂದರು. ಆ ದಿನದಿಂದ ನಾನು ಅವರಿಗೆ ವಿಜ್ಞಾನ ಹೇಳುವುದನ್ನು ಕಡಿಮೆ ಮಾಡಿದೆ.

ಒಂದು ವರ್ಷ ಮೇಲಧಿಕಾರಿಯೊಬ್ಬರು ಹೇಳದೆ ಇನ್ಸ್‌ಪೆಕ್ಷನ್ನಿಗೆ ಬಂದರು. ಜೀಪು ಗೇಟಿನ ಒಳಗೆ ಬಂದು ಟ್ಯಾಂಕಿನ ಪಕ್ಕವೇ ನಿಂತು ಕಪ್ಪು ಹೊಗೆ ಬಿಟ್ಟಿತು. ಗೂಡಿನ ಮೇಲೆ ಅಲೆ ಹರಿಯಿತು, ಮೈದಾನದಲ್ಲಿದ್ದ ಯಾರೋ ಕೈ ಎತ್ತಿದರು. ಸಾಹೇಬರು ಫೈಲು ಹಿಡಿದು ಇಳಿದು ನೋಡುತ್ತಾರೆ, ಮೈದಾನದಲ್ಲಿ ಒಂದು ನರಪಿಳ್ಳೆ ಇಲ್ಲ. ಕಬಡ್ಡಿ ಅಂಕಣದಲ್ಲಿ ಚಪ್ಪಲಿ ಇವೆ, ಮಕ್ಕಳಿಲ್ಲ. ಎಲ್ಲ ಕಿಟಕಿ ಬಾಗಿಲು ಬಂದ್. ರಜೆ ಕೊಟ್ಟಿದ್ದೀರೇನ್ರಿ ಎಂದು ಕೂಗಿದರು. ನಮ್ಮ ಹೆಡ್‌ಮಾಸ್ಟರು ಕಿಟಕಿ ಸಂದಿಯಿಂದ, ಸಾರ್ ದಯವಿಟ್ಟು ಜೀಪು ಆಫ್ ಮಾಡಿ ಒಳಗೆ ಬನ್ನಿ ಎಂದು ಪಿಸುಗುಟ್ಟಿದರು. ಸಾಹೇಬರು ಒಂದು ಗಂಟೆ ಏಳನೇ ತರಗತಿಯ ಬೆಂಚಿನ ಮೇಲೆ ಮಕ್ಕಳ ನಡುವೆ ಕೂತಿದ್ದರು. ಹೋಗುವಾಗ ಷರಾ ಪುಸ್ತಕದಲ್ಲಿ ಶಿಸ್ತು ಅತ್ಯುತ್ತಮ ಎಂದು ಬರೆದು ಹೋದರು.

ಎಂಟನೇ ತರಗತಿಯ ಒಬ್ಬ ಹುಡುಗಿಯ ವಿಷಯವನ್ನೂ ಹೇಳಬೇಕು. ಬಹಳ ಮೆತ್ತಗಿನ ಹುಡುಗಿ, ಹಾಜರಿ ಕೂಗಿದರೆ ಅವಳ ಉತ್ತರ ಅವಳಿಗೇ ಕೇಳುತ್ತಿರಲಿಲ್ಲ. ಒಂದು ಬೆಳಗ್ಗೆ ಪ್ರಾರ್ಥನೆಯ ನಡುವೆ ಕೈ ಎತ್ತಿಬಿಟ್ಟಳು. ಇಡೀ ಶಾಲೆ ನಿಮಿಷಗಳಲ್ಲಿ ಒಳಗೆ ಹೋಯಿತು. ಆಮೇಲೆ ನೋಡಿದರೆ ಅದು ಹದ್ದಿನ ನೆರಳು, ಜೇನು ಅಲುಗಿಯೂ ಇರಲಿಲ್ಲ. ಆ ದಿನ ಅಧ್ಯಕ್ಷರು ಅಲ್ಲೇ ಇದ್ದರು, ಚೆನ್ನಾಗಿ ನಕ್ಕರು. ಹುಡುಗಿ ಅಳುತ್ತಾ ನಿಂತಳು. ಮೇಷ್ಟ್ರು ಸಾಮಾನಿನ ಕೋಣೆಯಿಂದ ಹೊಸ ವಾಲಿಬಾಲ್ ತಂದು, ಒಂದು ವಾರ ಇದು ನಿಮ್ಮ ಕ್ಲಾಸಿಗೆ ಎಂದು ಅವಳ ಕೈಗಿಟ್ಟರು. "ತಪ್ಪಾದ್ರೆ ಆಗ್ಲಿ ಬುಡವ್ವ. ಮುಂದಿನ್ ಸಲಾನೂ ನಿಂಗೆ ಕಂಡ್ರೆ ಎತ್ತು, ಯೋಚ್ನೆ ಮಾಡ್ಬೇಡ," ಎಂದರು. ಅವಳು ಮೂಗು ಒರೆಸಿಕೊಂಡು ತಲೆಯಾಡಿಸಿದಳು.

ಊರವರು ಅವರನ್ನು ಜೇನು ಮೇಷ್ಟ್ರು ಎನ್ನತೊಡಗಿದರು. ತುಪ್ಪಕ್ಕೋಸ್ಕರ ಇಷ್ಟೆಲ್ಲ ಎಂದು ಕೆಲವರು ಅನುಮಾನಪಟ್ಟದ್ದೂ ಉಂಟು. ಪಾಪ, ಅವರಿಗೆ ಸಕ್ಕರೆ ಕಾಯಿಲೆ, ಟೀಗೂ ಸಕ್ಕರೆ ಹಾಕುತ್ತಿರಲಿಲ್ಲ. ಆ ಗೂಡುಗಳ ಒಂದು ಹನಿ ತುಪ್ಪವೂ ಅವರ ನಾಲಿಗೆಗೆ ತಾಗಿಲ್ಲ. ಜೂನ್ ಮೊದಲಲ್ಲಿ ಜೇನು ಎದ್ದು ಹೋದ ದಿನ ಮಾತ್ರ ಟ್ಯಾಂಕಿನ ಖಾಲಿ ತಳವನ್ನು ನೋಡುತ್ತಾ ಸುಮ್ಮನೆ ನಿಂತಿರುತ್ತಿದ್ದರು. ಅವತ್ತು ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಹೀಗೆ ಹತ್ತು ವರ್ಷ. ಒಂದು ಮಗುವಿಗೂ ಕಚ್ಚಲಿಲ್ಲ. ಫೆಬ್ರವರಿ ಕೊನೆಯ ದಿನ ಅವರ ನಿವೃತ್ತಿ ಎಂದು ಗೊತ್ತಾಯಿತು. ಆ ಸಂಜೆ ಗಂಟೆ ಹೊಡೆದರೆ ನಡವಳಿ ಪುಸ್ತಕದ ಮಾತು ತೀರಿದ ಹಾಗೆ. ಬೀಳ್ಕೊಡುಗೆಯ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ, ಇನ್ನೊಂದು ದಿನ ಮೇಡಂ, ಇನ್ನೊಂದೇ ದಿನ ಎಂದು ಬೆರಳು ತೋರಿಸಿ ನಕ್ಕರು. ಅಧ್ಯಕ್ಷರು ಆಗಲೇ, ಮೇಷ್ಟ್ರು ಹೋದ ಮೇಲೆ ಗೂಡಿನ ವಿಚಾರ ಮತ್ತೆ ನೋಡೋಣ ಎಂದು ಹೇಳಿಟ್ಟಿದ್ದರು.

ಬೀಳ್ಕೊಡುಗೆಗೆ ಹಳೆಯ ವಿದ್ಯಾರ್ಥಿಗಳು ತಾವಾಗಿ ಸೇರಿಕೊಂಡರು. ಗುಬ್ಬಿ, ತುಮಕೂರು, ಕುಣಿಗಲ್, ಎಲ್ಲ ಕಡೆಯಿಂದ ಬಂದರು. ಮೈದಾನದಲ್ಲಿ ಶಾಮಿಯಾನ, ಟ್ಯಾಂಕಿಗೆ ಬೆನ್ನು ಮಾಡಿ ವೇದಿಕೆ. ಎಲ್ಲರಿಗೂ ಜೇನಿನ ನೆನಪಿತ್ತು. ಪಟಾಕಿ ಬೇಡವೆಂದರು, ಅಡುಗೆಯನ್ನು ಹೊರಗೆ ಮಾಡಿಸಿ ತಂದರು, ಊದಿನಕಡ್ಡಿಯನ್ನು ಕೂಡ ಹಚ್ಚಲಿಲ್ಲ. ಇಷ್ಟೆಲ್ಲ ನೆನಪಿಟ್ಟುಕೊಂಡವರು ಒಂದನ್ನು ಮರೆತರು. ನಮ್ಮ ಮೇಷ್ಟ್ರ ಫಂಕ್ಷನ್ನು ಮದುವೆಗಿಂತ ಚೆನ್ನಾಗಿ ಬರಬೇಕೆಂದು ಡ್ರೋನ್ ಕ್ಯಾಮೆರಾ ತರಿಸಿದ್ದರು. ಅದನ್ನು ಹಾರಿಸಿದವನು ತುಮಕೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿಯೇ. ಮೇಷ್ಟ್ರು ಬರುವ ಮೊದಲು ನಮ್ಮ ಶಾಲೆ ಬಿಟ್ಟಿದ್ದವನು, ಅವನಿಗೆ ಅಲೆಯ ಪಾಠ ಆಗಿರಲಿಲ್ಲ.

ಮೇಷ್ಟ್ರಿಗೆ ಪೇಟ, ಶಾಲು, ಸುಗಂಧರಾಜದ ಹಾರ ಹಾಕಿ ಕೂರಿಸಿದ್ದರು. ಹೆಡ್‌ಮಾಸ್ಟರ ಭಾಷಣ ನಡೆದಿತ್ತು. ಡ್ರೋನು ಶಾಮಿಯಾನದ ಮೇಲಿಂದ ಎದ್ದು, ಟ್ಯಾಂಕಿನ ಎತ್ತರಕ್ಕೆ ಹೋಗಿ, ವೇದಿಕೆಯನ್ನು ಹಿಂದಿನಿಂದ ತೆಗೆಯಲು ತಿರುಗಿತು. ನಾನು ಮಕ್ಕಳ ಪಕ್ಕದಲ್ಲಿ ಕೂತಿದ್ದೆ, ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದೆ, ಸತ್ಯವಾಗಿ ಹೇಳುತ್ತೇನೆ, ಏನನ್ನೂ ಗಮನಿಸಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಅದೇ ಮೆತ್ತಗಿನ ಹುಡುಗಿ, ಈಗ ಹತ್ತನೇ ತರಗತಿ.

ಮೇಷ್ಟ್ರು ಟ್ಯಾಂಕಿಗೆ ಬೆನ್ನು ಹಾಕಿ ಕೂತಿದ್ದರು. ಅವರಿಗೆ ಗೂಡು ಕಾಣುವಂತಿರಲಿಲ್ಲ. ಕಂಡದ್ದು ಆ ಹುಡುಗಿಯ ಕೈ ಮಾತ್ರ. ಅವರು ತಿರುಗಿ ನೋಡಲಿಲ್ಲ. ಕೂತಲ್ಲಿಂದಲೇ ಬಲಗೈ ಎತ್ತಿ, ಮೆಲ್ಲನೆ ಇಳಿಸಿದರು. ಹೆಡ್‌ಮಾಸ್ಟರು ಅರ್ಧ ವಾಕ್ಯದಲ್ಲಿ ಮೈಕ್ ಬಿಟ್ಟರು. ಮಕ್ಕಳ ಸಾಲುಗಳಲ್ಲಿ ಕೈಗಳು ಎದ್ದು ಇಳಿದವು. ಅಲೆ ಮಕ್ಕಳನ್ನು ದಾಟಿ ಹಳೆಯ ವಿದ್ಯಾರ್ಥಿಗಳ ಕುರ್ಚಿಗಳಿಗೆ ಹೋಯಿತು. ಅಲ್ಲಿ ನಿಲ್ಲುತ್ತದೇನೋ ಎಂದುಕೊಂಡೆ. ನಿಲ್ಲಲಿಲ್ಲ. ಶಾಲೆ ಬಿಟ್ಟು ಏಳೆಂಟು ವರ್ಷ ಕಳೆದವರು, ರೇಷ್ಮೆ ಸೀರೆ ಉಟ್ಟವರು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವರು, ಎಲ್ಲರ ಬಲಗೈ ತಾನಾಗಿ ಮೇಲೆದ್ದಿತು. ತಮ್ಮ ಅಪ್ಪ ಅಮ್ಮಂದಿರ ಬಾಯಿಗೆ ಕೈ ಅಡ್ಡ ಹಿಡಿದು, ಅವರನ್ನು ಎಬ್ಬಿಸಿ, ಕೋಣೆಗಳ ಕಡೆ ನಡೆಸಿಕೊಂಡು ಹೊರಟರು. ಅಧ್ಯಕ್ಷರನ್ನು ಅವರ ಮೊಮ್ಮಗನೇ ಕೈ ಹಿಡಿದು ಕರೆದುಕೊಂಡು ಹೋದ. ಐನೂರು ಜನರಿದ್ದ ಶಾಮಿಯಾನದಲ್ಲಿ ಕುರ್ಚಿ ಸರಿದ ಸದ್ದಷ್ಟೇ ಕೇಳಿಸುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿಲ್ಲ, ನನ್ನ ಸ್ವಂತ ಮಗಳ ರಿಸಲ್ಟ್ ಬಂದ ದಿನವೂ ಆಗಲಿಲ್ಲ.

ಹೊರಗೆ ಉಳಿದವರು ವೇದಿಕೆಯ ಮೇಲಿದ್ದ ಮೇಷ್ಟ್ರು ಮತ್ತು ಸ್ಟುಡಿಯೋದವನು, ಇಬ್ಬರೇ. ಅವನು ಡ್ರೋನನ್ನು ಇಳಿಸಲು ಹೋಗಿ ಗಾಬರಿಯಲ್ಲಿ ಅದನ್ನು ಗೂಡಿಗೇ ತಾಗಿಸಿದ. ಆಗ ಜೇನು ಎದ್ದವು. ಅವನು ಮೈದಾನದ ನಡುವೆ ನಿಂತು ಎರಡೂ ಕೈ ಬೀಸತೊಡಗಿದ. ಮೇಷ್ಟ್ರು ವೇದಿಕೆಯಿಂದ ಇಳಿದು ಅವನ ಕಡೆ ಹೋದರು. ಮಂಡಿ ನೋವಿನ ಆ ಮನುಷ್ಯ ಓಡಿದ್ದನ್ನು ಆವತ್ತು ಮೊದಲ ಸಲ ನೋಡಿದೆ. ತಮ್ಮ ಶಾಲನ್ನು ಅವನ ತಲೆಗೆ ಮುಸುಕು ಹಾಕಿ, ಸಾಮಾನಿನ ಕೋಣೆಯ ಕಡೆ ತಳ್ಳಿದರು. ಅವನು ಓಡಿ ಒಳಗೆ ಸೇರಿದ. ಅಷ್ಟರಲ್ಲಿ ಜೇನು ಮೇಷ್ಟ್ರ ಮುಖ, ಕತ್ತು, ಹಾರ ಎಲ್ಲ ಮುತ್ತಿದ್ದವು.

ಮಕ್ಕಳ ಜೊತೆ ನಾನು ಸೇರಿಕೊಂಡಿದ್ದ ಎಂಟನೇ ತರಗತಿಯ ಬಾಗಿಲು ಅವರಿಗೆ ಹತ್ತು ಹೆಜ್ಜೆ. ಸಾಮಾನಿನ ಕೋಣೆಯೋ ಮೈದಾನದ ಆ ತುದಿ. ನಾನು ಬಾಗಿಲು ಅರ್ಧ ತೆಗೆದು, ಸಾರ್, ಇಲ್ಲಿಗೆ ಬನ್ನಿ ಎಂದು ಕರೆದೆ. ಅವರು ನನ್ನ ಕಡೆ ನೋಡಿದರು.

"ಮಕ್ಳವೆ ಒಳಗೆ. ಬಾಗ್ಲು ಹಾಕಿ ಮೇಡಂ."

ನಾನು ಹಾಕಿದೆ. ಚಿಲಕ ಹಾಕಿದ ಕೈ ಇದೇ. ಕಿಟಕಿಯ ಗಾಜಿನಲ್ಲಿ ನೋಡುತ್ತಿದ್ದೆ. ಅವರು ಬೆನ್ನು ತಿರುಗಿಸಿ, ಹಿಂದೆ ಮುತ್ತಿಕೊಂಡ ಜೇನನ್ನೆಲ್ಲ ಕರೆದುಕೊಂಡ ಹಾಗೆ, ನಮ್ಮ ಕೋಣೆಗಳಿಂದ ದೂರ ದೂರಕ್ಕೆ ಹೋದರು. ಆ ಮೈದಾನ ಅಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ನನ್ನ ಹಿಂದೆ ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು, ಒಬ್ಬರೂ ಅಳಲಿಲ್ಲ. ಮೇಷ್ಟ್ರು ಸಾಮಾನಿನ ಕೋಣೆ ಸೇರಿ ಬಾಗಿಲು ಮುಚ್ಚಿದಾಗ ನಾನೇ ಅತ್ತೆ.

ಜೇನು ತಣಿದು ಗೂಡಿಗೆ ಮರಳಲು ಗಂಟೆ ಹಿಡಿಯಿತು. ಆಂಬುಲೆನ್ಸಿನಲ್ಲಿ ಇಬ್ಬರನ್ನೂ ತುಮಕೂರಿಗೆ ಕರೆದುಕೊಂಡು ಹೋದೆವು. ಹುಡುಗ ಎರಡು ದಿನಕ್ಕೆ ಮನೆಗೆ ಹೋದ. ಮೇಷ್ಟ್ರು ಒಂದು ವಾರ ಆಸ್ಪತ್ರೆಯಲ್ಲಿದ್ದರು. ಮೊದಲ ಎರಡು ದಿನ ಡಾಕ್ಟರು ನಮಗೆ ಏನನ್ನೂ ಖಚಿತವಾಗಿ ಹೇಳಲಿಲ್ಲ. ಮೂರನೆಯ ದಿನ ಅವರ ಕಣ್ಣು ಗೆರೆಯಷ್ಟು ತೆರೆದಾಗ ನಾನು ಪಕ್ಕದಲ್ಲಿದ್ದೆ. ಮೊದಲು ಕೇಳಿದ್ದು ಮಕ್ಕಳ ಬಗ್ಗೆ. ಒಬ್ಬರಿಗೂ ಕಚ್ಚಿಲ್ಲ ಸಾರ್ ಎಂದೆ. ಸಮಾಧಾನವಾಯಿತೇನೋ, ಕಣ್ಣು ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು. ಹತ್ತು ಹೆಜ್ಜೆಯಲ್ಲಿ ಬಾಗಿಲಿತ್ತು, ಒಳಗೆ ಬಂದು ಕೂಡಲೇ ಹಾಕಿಕೊಂಡಿದ್ದರೆ ನಾಲ್ಕು ಹುಳ ಬರುತ್ತಿದ್ದವು, ಅಷ್ಟೇ ತಾನೆ, ಹಟ ಮಾಡುವುದಕ್ಕೂ ಮಿತಿ ಬೇಡವೇ ಎಂದು ಬೈದೆ.

ಆಗ ಅವರು ಯಾರಿಗೂ ಹೇಳದ ಮಾತೊಂದನ್ನು ಹೇಳಿದರು. ಚಿಕ್ಕವರಿದ್ದಾಗ ಊರ ಆಲದ ಮರದಲ್ಲಿ ಕಟ್ಟಿದ್ದ ಹೆಜ್ಜೇನಿಗೆ ಕಲ್ಲು ಹೊಡೆದರಂತೆ. ಜೇನು ಎದ್ದಾಗ ಹೆದರಿ ಹತ್ತಿರದ ಮನೆಯೊಳಗೆ ನುಗ್ಗಿದರಂತೆ. ಆ ಮನೆಯ ಜಗಲಿಯಲ್ಲಿ ಕಣ್ಣು ಕಾಣದ ಒಬ್ಬ ಅಜ್ಜಿ ಕೂತಿದ್ದಳು. ಹುಡುಗ ಒಳಗಿನ ಕತ್ತಲೆ ಕೋಣೆ ಸೇರಿ ಬದುಕಿಕೊಂಡ. ಅಜ್ಜಿಗೆ ಎಲ್ಲಿಗೆ ಓಡಬೇಕೆಂದು ತಿಳಿಯಲಿಲ್ಲ. ಮೂರು ದಿನಕ್ಕೆ ಹೋದಳು. ಯಾರೂ ಹುಡುಗನನ್ನು ಬೈಯಲಿಲ್ಲ, ಜೇನನ್ನೇ ಬೈದರು, ಸಂಜೆ ಹೋಗಿ ಗೂಡು ಸುಟ್ಟರು.

"ಒಂದ್ಸಲ ಜನ ಇರೋ ಕಡೆ ಓಡಿದ್ದೆ ಮೇಡಂ," ಎಂದರು. "ಅದೇ ಸಾಕು ಅನ್ಕಂಡಿದ್ದೆ."

ನಾನು ಕಿತ್ತಳೆ ಹಣ್ಣು ಸುಲಿದು ಕೊಟ್ಟೆ, ಸಕ್ಕರೆ ಕಾಯಿಲೆ ಎಂದು ನೆನಪಾಗಿ ಅರ್ಧವನ್ನು ನಾನೇ ತಿಂದೆ.

ಮುಂದಿನ ಸಭೆಯಲ್ಲಿ ಗೂಡಿನ ವಿಚಾರ ಬಂತು. ಅಧ್ಯಕ್ಷರು ನಡವಳಿ ಪುಸ್ತಕದ ಆ ಪುಟವನ್ನು ಎಂದಿನಂತೆ ಓದಿಸಿದರು. ಆಮೇಲೆ ಪೆನ್ನು ತೆಗೆದು, ಮೇಷ್ಟ್ರ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. ಎರಡನೆಯದಾಗಿ ನಾನು ಹಾಕಿದೆ. ಈ ಸಲ ಗೆರೆ ಎಳೆಯುವ ಪ್ರಸಂಗ ಬರಲಿಲ್ಲ.

ನಾನು ಬಡ್ತಿ ಪಡೆದು ಕುಣಿಗಲ್ ಕಡೆಯ ಶಾಲೆಗೆ ಹೋದೆ. ಅಲ್ಲಿ ಹೆಜ್ಜೇನು ಇಲ್ಲ, ಆದರೂ ಶನಿವಾರ ಮಕ್ಕಳಿಗೆ ಅಲೆ ಕಲಿಸುತ್ತೇನೆ. ಜೇನೇ ಇಲ್ಲವಲ್ಲ ಮೇಡಂ ಎಂದು ಅಲ್ಲಿನ ಮೇಷ್ಟ್ರುಗಳು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಫೋನಿನಲ್ಲಿ ಇದನ್ನು ಹೇಳಿದಾಗ ಮೇಷ್ಟ್ರು ಬಹಳ ಹೊತ್ತು ನಕ್ಕರು. ಅದು ಅವರೊಂದಿಗೆ ನನ್ನ ಕೊನೆಯ ಮಾತು. ಹೃದಯಾಘಾತ, ಮನೆಯ ಅಂಗಳದಲ್ಲಿ, ಬೆಳಗಿನ ಟೀ ಕುಡಿಯುತ್ತಾ.

ಊರಿನವರ ಆಸೆಯಂತೆ ಅವರನ್ನು ಗುಬ್ಬಿಗೆ ತಂದು, ಹೂವಿನ ಟ್ರ್ಯಾಕ್ಟರಿನಲ್ಲಿ ಕೂರಿಸಿ ಮೆರವಣಿಗೆ ಮಾಡಿದರು. ಹಾರಗಳ ಮೇಲೆ, ಎದೆಗೆ ಕಾಣುವ ಹಾಗೆ, ಯಾರೋ ಅವರ ವಿಷಲ್ ಹಾಕಿದ್ದರು. ಮುಂದೆ ತಮಟೆ, ದಾರಿಯುದ್ದಕ್ಕೂ ಪಟಾಕಿ, ನಮ್ಮ ಕಡೆ ದೊಡ್ಡವರನ್ನು ಕಳಿಸುವುದೇ ಹಾಗೆ. ಜನ ರಸ್ತೆಯ ಎರಡೂ ಬದಿಗೆ ಸೇರಿದ್ದರು. ನಾನು ಟ್ರ್ಯಾಕ್ಟರಿನ ಹಿಂದೆ ನಡೆಯುತ್ತಿದ್ದೆ. ಮೆರವಣಿಗೆ ಶಾಲೆಯ ತಿರುವಿಗೆ ಬಂದಾಗ ಟ್ಯಾಂಕು ಕಾಣಿಸಿತು. ತಳದಲ್ಲಿ ಒಂಬತ್ತು ಗೂಡು. ಇನ್ನೊಂದು ಸರ ಪಟಾಕಿಗೆ ಆಗಲೇ ಬೆಂಕಿಪೊಟ್ಟಣ ತೆಗೆದಿದ್ದರು.

ಎಲ್ಲರಿಗಿಂತ ಮುಂದೆ ಕೋಲೂರಿಕೊಂಡು ನಡೆಯುತ್ತಿದ್ದವರು ಸಿಮೆಂಟ್ ಅಂಗಡಿಯ ಅಧ್ಯಕ್ಷರು. ನಿಂತರು. ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯನ್ನು ತಲೆಯ ಮೇಲೆತ್ತಿ, ಮೆಲ್ಲನೆ ಇಳಿಸಿದರು. ಪಟಾಕಿ ಹಿಡಿದವನು ನೋಡಿ ಕೈ ಎತ್ತಿದ. ಅವನ ಹಿಂದಿನವರು ಎತ್ತಿದರು. ಅಲೆ ತಮಟೆಯವರನ್ನು ದಾಟಿತು, ತಮಟೆ ನಿಂತವು. ಟ್ರ್ಯಾಕ್ಟರನ್ನು ದಾಟಿತು, ಡ್ರೈವರು ಇಂಜಿನ್ ಆಫ್ ಮಾಡಿದ. ಹುಡುಗರು ಇಳಿದು ಟ್ರ್ಯಾಕ್ಟರಿಗೆ ಹೆಗಲು ಕೊಟ್ಟು ತಳ್ಳಿದರು. ನನ್ನ ಕೈಯೂ ಎದ್ದು ಇಳಿಯಿತು, ಹಿಂದೆ ನೋಡಿದರೆ ರಸ್ತೆಯ ಕೊನೆಯವರೆಗೆ ಕೈಗಳು ಏಳುತ್ತಿದ್ದವು. ಇಡೀ ಊರು ಉಸಿರಿಲ್ಲದಂತೆ ಟ್ಯಾಂಕಿನ ಕೆಳಗೆ ಹಾದುಹೋಯಿತು. ಗೂಡುಗಳ ಮೇಲೆ ಒಂದು ಅಲೆಯೂ ಏಳಲಿಲ್ಲ.

ಹೊಗೆ ಏಳದಿರಲೆಂದು ಪಟಾಕಿ ನಿಲ್ಲಿಸಿದ್ದು ಸರಿಯೇ. ತಮಟೆಯನ್ನು ನಿಲ್ಲಿಸಬೇಕಾಗಿರಲಿಲ್ಲ, ಜೇನಿಗೆ ಕಿವಿ ಇಲ್ಲ. ವಿಜ್ಞಾನದ ಮೇಡಂ ನಾನು, ನನಗದು ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.